ಶಾಲೆ ಬಿಟ್ಟ ಮೇಲೆ ಲೆಕ್ಕದ ಕೂಟ: ಒಬ್ಬೊಬ್ಬ ಡಿ.ಎಡ್ ವಿದ್ಯಾರ್ಥಿಯ ಜೊತೆ ಒಂದೊಂದು ಮಗು. ನೀವು ಯಾರಾದರೂ ಮಾಡಿ ನೋಡಿದ್ದೀರಾ?

ಲೆಕ್ಕದ_ಮೇಡಂ (ಚರ್ಚೆ ಶುರು ಮಾಡಿದವರು) · ಜುಲೈ 6

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದ ಕಡೆ ಡಿ.ಎಡ್ (ಈಗ ಡಿ.ಇಎಲ್.ಇಡಿ), ಅಂದರೆ ಪ್ರಾಥಮಿಕ ಶಾಲೆಯ ಶಿಕ್ಷಕರಾಗುವ ಕೋರ್ಸು ಓದುವವರಿಗೆ ಗಣಿತ ಬೋಧನೆ ಹೇಳಿಕೊಡುತ್ತೇನೆ. ಕಳೆದ ವರ್ಷ ನಮ್ಮ ಕಾಲೇಜಿನ ಪಕ್ಕದ ಸರ್ಕಾರಿ ಶಾಲೆಯಲ್ಲಿ ಒಂದು ಕೆಲಸ ಶುರು ಮಾಡಿದೆವು. ಮಂಗಳವಾರ, ಶುಕ್ರವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ. ನಮ್ಮ 14 ಪ್ರಶಿಕ್ಷಣಾರ್ಥಿಗಳು, 4 ಮತ್ತು 5ನೇ ತರಗತಿಯ 14 ಮಕ್ಕಳು. ಒಬ್ಬರಿಗೆ ಒಂದು ಮಗು. ವರ್ಷ ಮುಗಿಯುವವರೆಗೂ ಅದೇ ಮಗು.

ಇದನ್ನು ಯಾಕೆ ಶುರು ಮಾಡಿದೆ ಅಂದರೆ, ನಮ್ಮವರು ಬೋಧನಾಭ್ಯಾಸಕ್ಕೆ ಹೋದಾಗ ಪಾಠ ಯೋಜನೆ ಬರೆಯುತ್ತಾರೆ, ಚಾರ್ಟು ಮಾಡುತ್ತಾರೆ, 40 ನಿಮಿಷ ಚೆನ್ನಾಗಿ ಮಾತಾಡುತ್ತಾರೆ. ನಾವು ಹಿಂದಿನ ಬೆಂಚಿನಲ್ಲಿ ಕೂತು "ಧ್ವನಿ ಸ್ಪಷ್ಟವಾಗಿದೆ, ಕಪ್ಪುಹಲಗೆ ಕೆಲಸ ಉತ್ತಮ" ಅಂತ ಬರೆಯುತ್ತೇವೆ. ಅಷ್ಟು ಹೊತ್ತೂ ಮಗುವಿನ ತಲೆಯಲ್ಲಿ ಏನು ನಡೀತಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ. ಮೇಷ್ಟ್ರಾಗುವವರು ಮಗು ಹೇಳೋದನ್ನು ಕೇಳುವುದನ್ನು ಎಲ್ಲಿ ಕಲೀಬೇಕು?

ಕೂಟಕ್ಕೆ ಮೂರೇ ನಿಯಮ ಇಟ್ಟೆವು. ಉತ್ತರ ತಪ್ಪಿದ್ದರೂ ಸರಿಯಿದ್ದರೂ "ಹೇಗೆ ಮಾಡಿದೆ, ಹೇಳು" ಅಂತ ಕೇಳಬೇಕು. ಮಗುವಿನ ಪೆನ್ಸಿಲ್ ಮುಟ್ಟಬಾರದು. ಆ ರಾತ್ರಿ ಒಂದು ಪುಟ ಬರೆಯಬೇಕು, ಮಗು ಏನು ಹೇಳಿತೋ ಅದರ ಮಾತಿನಲ್ಲೇ.

ಒಂದು ದಿನದ ಪುಟದಲ್ಲಿದ್ದದ್ದು ಹೇಳುತ್ತೇನೆ. 4ನೇ ತರಗತಿಯ ಹುಡುಗಿ. ಅವರಮ್ಮ ದೇವಸ್ಥಾನದ ಹತ್ತಿರ ಹೂವು ಮಾರುತ್ತಾರೆ, ಸಂಜೆ ಇವಳೂ ಕೂರುತ್ತಾಳೆ. 42ರಲ್ಲಿ 17 ಕಳೆಯೋಕೆ ಕೊಟ್ಟರೆ 35 ಅಂತ ಬರೆದಳು. ಹೇಗೆ ಮಾಡಿದೆ ಅಂದಿದ್ದಕ್ಕೆ "ಏಳರಲ್ಲಿ ಎರಡು ಹೋದ್ರೆ ಐದು, ನಾಲ್ಕರಲ್ಲಿ ಒಂದು ಹೋದ್ರೆ ಮೂರು". ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ತಿರುಗಿಸಿದ್ದಾಳೆ. ಅವಳ ಜೊತೆ ಕೂತಿದ್ದ ನಮ್ಮ ಪ್ರಶಿಕ್ಷಣಾರ್ಥಿಗೆ "ಕಡ ತಗೋ" ಅಂತ ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತಂತೆ. ತಡೆದುಕೊಂಡು, "ನಿನ್ನ ಹತ್ರ 42 ರೂಪಾಯಿ ಇದೆ, 17 ರೂಪಾಯಿ ಕೊಟ್ಟರೆ?" ಅಂತ ಕೇಳಿದಳು. ಮಗು ತಲೆ ಎತ್ತಿ ನೋಡಿ, "ಹದಿನೇಳಕ್ಕೆ ಮೂರು ಸೇರಿದ್ರೆ ಇಪ್ಪತ್ತು, ಆಮೇಲೆ ಇಪ್ಪತ್ತೆರಡು. ಇಪ್ಪತ್ತೈದು" ಅಂತು. ಎರಡು ಸೆಕೆಂಡ್ ಕೂಡ ಆಗಲಿಲ್ಲ. ಮತ್ತೆ ನೋಟ್‌ಬುಕ್ ತೋರಿಸಿ "ಇಲ್ಲಿ 35 ಇದೆಯಲ್ಲ" ಅಂದರೆ, ಸಮಾಧಾನವಾಗಿ ಹೇಳಿತಂತೆ: "ಮಿಸ್, ಅದು ದುಡ್ಡು. ಇದು ಲೆಕ್ಕ."

ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕು ವರ್ಷ ಶಾಲೆಗೆ ಬಂದ ಮಗುವಿಗೆ ಇವೆರಡೂ ಬೇರೆ ಬೇರೆ ಅಂತ ಕಲಿಸಿದ್ದು ಯಾರು? ನಾವೇ ಅಲ್ವಾ.

ಈ ವರ್ಷ ಇನ್ನೊಂದು ಶಾಲೆಗೂ ಹೋಗಬೇಕು ಅಂತಿದ್ದೇವೆ. ನಿಮ್ಮ ಅನುಭವ ಬೇಕು. ಬೈಗುಳ ಇದ್ದರೂ ಪರವಾಗಿಲ್ಲ, ಹೇಳಿ.

---

ಹಳೇ_ಟಿಸಿಎಚ್ · ಜುಲೈ 6

ಮೇಡಂ, ನಿವೃತ್ತನಾಗಿ ಎಂಟು ವರ್ಷವಾಯಿತು. ನಿಮ್ಮ ಬರಹ ಓದಿ ಹಳೆಯದೆಲ್ಲ ನೆನಪಾಯಿತು. ನಮ್ಮ ಟಿಸಿಎಚ್ (ಡಿ.ಎಡ್‌ಗೂ ಹಿಂದಿನ ಶಿಕ್ಷಕರ ತರಬೇತಿ) ಕಾಲದಲ್ಲಿ ಮಕ್ಕಳನ್ನು ಹೀಗೆ ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದ್ದೇ ಇಲ್ಲ.

ನನಗೆ ಮೊದಲು ಕಣ್ಣು ತೆರೆಸಿದವನು ಹೆಗ್ಗಡದೇವನಕೋಟೆ ಕಡೆಯ ಒಬ್ಬ ಹುಡುಗ. 1995ರಲ್ಲಿ ಆ ತಾಲೂಕಿನಲ್ಲಿ ನಲಿಕಲಿ ಅನ್ನುವ ಹೊಸ ಕಲಿಕಾ ಪದ್ಧತಿ ಶುರುವಾಗಿತ್ತು. ಕಾರ್ಡು, ಗುಂಪು ಎಲ್ಲ ಹೊಸತು. ನೆಲದ ಮೇಲೆ ಮಕ್ಕಳ ಪಕ್ಕ ಕೂರುವುದು ನನಗೆ ಅಭ್ಯಾಸವಿರಲಿಲ್ಲ. ಕೂತೆ. ಆ ಹುಡುಗನಿಗೆ ನೂರೈದು ಬರಿ ಅಂದೆ. 1005 ಅಂತ ಬರೆದ. ಮೊದಲಾಗಿದ್ದರೆ ಅಡ್ಡಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ಪಕ್ಕದಲ್ಲೇ ಕೂತಿದ್ದೆನಲ್ಲ, ಯಾಕೆ ಅಂತ ಕೇಳಿದೆ. "ನೂರು ಬರ್ದೆ, ಆಮೇಲೆ ಐದು ಬರ್ದೆ" ಅಂದ. ನೂರು, ಐದು. ಕಿವಿಗೆ ಬಿದ್ದಂತೆ ಬರೆದಿದ್ದ. ತಪ್ಪು ಅಂತ ಹೇಗೆ ಹೇಳೋದು?

ಆಗ ನನಗೆ 40 ಹತ್ತಿರವಾಗಿತ್ತು. ನಿಮ್ಮ ಪ್ರಶಿಕ್ಷಣಾರ್ಥಿಗಳಿಗೆ ಇದು 20ನೇ ವಯಸ್ಸಿಗೆ ಸಿಗುತ್ತಿದೆ. ಬಿಡಬೇಡಿ.

---

ಇಬ್ಬರೇ_ಶಿಕ್ಷಕರು · ಜುಲೈ 7

ಲೆಕ್ಕದ ಮೇಡಂ, ನಿಮ್ಮ ಉದ್ದೇಶದ ಬಗ್ಗೆ ಅನುಮಾನವಿಲ್ಲ. ಆದರೆ ಶಾಲೆಯ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳಲೇಬೇಕು.

ನಮ್ಮದು ಐದು ತರಗತಿ, ಇಬ್ಬರೇ ಶಿಕ್ಷಕರು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೀಟಿಂಗು ಎಲ್ಲ ನಾವೇ. ಎರಡು ವರ್ಷದ ಹಿಂದೆ ಒಂದು ಕಾಲೇಜಿನವರು ಹೀಗೇ ಬಂದರು. ಸಂಜೆ ಕ್ಲಾಸು ಅಂದರು, ಮಕ್ಕಳಿಗೂ ಖುಷಿ. ಎರಡು ತಿಂಗಳು ಬಂದರು. ಅವರ ಪರೀಕ್ಷೆ ಬಂತು, ಯಾರೂ ಬರಲಿಲ್ಲ. ಒಂದು ಮಾತೂ ಹೇಳಲಿಲ್ಲ. ನಮ್ಮ ಮಕ್ಕಳು ಮೂರು ವಾರ ಗೇಟಿನ ಹತ್ತಿರ ನಿಂತು "ಅಕ್ಕ ಇವತ್ತು ಬರ್ತಾರಾ" ಅಂತ ಕೇಳುತ್ತಿದ್ದರು. ಉತ್ತರ ಕೊಟ್ಟಿದ್ದು ನಾನು.

ಇನ್ನೊಂದು. ಒಬ್ಬ ಹುಡುಗನಿಗೆ ಅವರು ಕಳೆಯೋದನ್ನು ಮುಂದಕ್ಕೆ ಎಣಿಸುವ ರೀತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಇಲ್ಲಿ ದಶಕ ತೆಗೆದುಕೊಂಡು ಕಳೆಯೋದನ್ನು ಮಾಡಿಸುತ್ತಿದ್ದೆ. ಪರೀಕ್ಷೆಯಲ್ಲಿ ಬರೀ ಉತ್ತರ ಬರೆದ, ಹಂತ ಇಲ್ಲ. ಕಾಪಿ ಹೊಡೆದಿದ್ದಾನೆ ಅಂತ ನಾನೇ ಗದರಿದೆ. ಆಮೇಲೆ ಗೊತ್ತಾಯಿತು. ಇವತ್ತಿಗೂ ಅದು ನನಗೆ ಚುಚ್ಚುತ್ತದೆ. ನೀವು ಮಗುವಿಗೆ ಏನು ಹೇಳಿದಿರಿ ಅಂತ ನನಗೂ ಒಂದು ಮಾತು ತಿಳಿಸಬೇಕಿತ್ತು ಅಲ್ವಾ?

4:30 ಆದ ಮೇಲೆ ಮಗು ಬಿದ್ದು ಕೈ ಮುರಿದುಕೊಂಡರೆ ಯಾರು ಹೊಣೆ ಅನ್ನೋದೂ ಇದೆ. ಅದರಲ್ಲೂ ಹೆಣ್ಣುಮಕ್ಕಳು. ಅರ್ಧ ಜನ ಮನೆಗೆ ಹೋಗಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಬೇಕು.

---

ಲೆಕ್ಕದ_ಮೇಡಂ · ಜುಲೈ 7

ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ನಮ್ಮಲ್ಲೂ ಮೊದಲ ತಿಂಗಳು ಹೀಗೇ ಆಯಿತು.

ತಮ್ಮ ತಂಗಿಯರ ವಿಷಯ: ಮೊದಲ ವಾರ 14ರಲ್ಲಿ 5 ಹೆಣ್ಣುಮಕ್ಕಳು ಬರಲಿಲ್ಲ. ಕೇಳಿದರೆ ಇದೇ ಕಾರಣ. ಚಿಕ್ಕವರನ್ನೂ ಕರ್ಕೊಂಡು ಬನ್ನಿ ಅಂದೆವು. ಈಗ ಜಗುಲಿಯ ಒಂದು ಮೂಲೆಯಲ್ಲಿ ಚಾಪೆ ಹಾಸಿರುತ್ತದೆ. ಸರದಿಯಂತೆ ಒಬ್ಬರು ಅವರಿಗೆ ಕಥೆ ಹೇಳುತ್ತಾರೆ. ಗದ್ದಲ ಜಾಸ್ತಿ, ಆದರೆ ಆ ಐವರೂ ಬರುತ್ತಿದ್ದಾರೆ.

ಹೊಣೆಯ ವಿಷಯ: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಾತಾಡಿ, ಪ್ರತಿ ಮನೆಯಿಂದ ಒಪ್ಪಿಗೆ ಪತ್ರ ತಗೊಂಡೆವು. ಕೂಟ ಮುಗಿದ ಮೇಲೆ ಮಕ್ಕಳನ್ನು ಓಣಿವರೆಗೂ ಬಿಟ್ಟು ಬರುತ್ತೇವೆ. ಆದರೂ ಹೆಡ್ಮೇಡಂ ಅಲ್ಲಿವರೆಗೂ ಉಳಿಯುತ್ತಾರೆ. ಅವರ ಬಸ್ಸು ತಪ್ಪುತ್ತದೆ. ಅದು ನ್ಯಾಯವಲ್ಲ ಅಂತ ನನಗೆ ಗೊತ್ತು, ಇನ್ನೂ ದಾರಿ ಹುಡುಕುತ್ತಿದ್ದೇವೆ.

ಗೇಟಿನ ಹತ್ತಿರ ನಿಂತ ಮಕ್ಕಳ ಬಗ್ಗೆ ನೀವು ಬರೆದದ್ದನ್ನು ನಮ್ಮ ತರಗತಿಯಲ್ಲಿ ಓದಿ ಹೇಳಿದೆ. ಯಾರೂ ಮಾತಾಡಲಿಲ್ಲ. ಈ ವರ್ಷ ಮೊದಲ ದಿನವೇ ಕೊನೆಯ ದಿನಾಂಕವನ್ನು ಮಕ್ಕಳಿಗೆ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ.

---

ಎರಡನೇ_ವರ್ಷ · ಜುಲೈ 8

ನಾನು ಪ್ರಶಿಕ್ಷಣಾರ್ಥಿ. ಮೇಡಂ ಕಾಲೇಜಲ್ಲ, ಬೇರೆ ಜಿಲ್ಲೆ. ನಮ್ಮಲ್ಲೂ ಇಂಥದ್ದು ಚಿಕ್ಕದಾಗಿ ನಡೆಯುತ್ತದೆ. ಇಲ್ಲಿ ದೊಡ್ಡವರೇ ಜಾಸ್ತಿ, ಆದರೂ ಬರೆಯುತ್ತೇನೆ.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತದಲ್ಲಿ 36 ಬಂದಿತ್ತು. ಪಿಯುಸಿಯಲ್ಲಿ ಕಲಾ ವಿಭಾಗ ತಗೊಂಡಿದ್ದೇ ಲೆಕ್ಕ ತಪ್ಪಿಸಿಕೊಳ್ಳೋಕೆ. ನನಗೆ 5ನೇ ತರಗತಿಯ ಒಬ್ಬ ಹುಡುಗ ಸಿಕ್ಕಿದ. ಸುಮ್ನೆ ಕೂರುವವನಲ್ಲ. ಮೂರನೇ ವಾರ ಅವನು ಕೇಳಿದ: "ಮಿಸ್, ಕೂಡೋದು, ಕಳೆಯೋದು, ಗುಣಿಸೋದು ಎಲ್ಲ ಬಲಗಡೆಯಿಂದ ಶುರು ಮಾಡ್ತೀವಿ. ಭಾಗಾಕಾರ ಮಾತ್ರ ಯಾಕೆ ಎಡಗಡೆಯಿಂದ?"

ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಭಾಗಾಕಾರ ಮಾಡಿದ್ದೇನೆ, ಒಂದು ದಿನವೂ ಈ ಪ್ರಶ್ನೆ ಬಂದಿರಲಿಲ್ಲ. ಮೊದಲಾಗಿದ್ದರೆ "ಅದು ಹಾಗೇ" ಅಂದುಬಿಡುತ್ತಿದ್ದೆ. ಮಗು ಹೇಳೋದನ್ನು ಕೇಳಬೇಕು ಅನ್ನುವ ನಿಯಮ ನಮ್ಮಲ್ಲೂ ಇತ್ತಲ್ಲ, ಅದಕ್ಕೆ "ನನಗೂ ಗೊತ್ತಿಲ್ಲ ಕಣೋ, ಇಬ್ಬರೂ ನೋಡೋಣ" ಅಂದೆ.

ಶುಕ್ರವಾರ ಆಟದ ನೋಟು ತಗೊಂಡು ಹೋದೆ. 72 ರೂಪಾಯಿ, ಅಂದರೆ ಹತ್ತರ 7 ನೋಟು, ಒಂದು ರೂಪಾಯಿಯ 2 ನಾಣ್ಯ. ಮೂರು ಜನಕ್ಕೆ ಹಂಚು ಅಂದೆ. ಅವನು ಮೊದಲು ನೋಟಿಗೇ ಕೈ ಹಾಕಿದ. ಒಬ್ಬೊಬ್ಬರಿಗೆ ಎರಡೆರಡು ನೋಟು. ಒಂದು ನೋಟು ಉಳಿಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಕೂತ. ಆಮೇಲೆ ನನ್ನ ಡಬ್ಬಿಯಿಂದ ಹತ್ತು ನಾಣ್ಯ ಎಣಿಸಿಕೊಂಡು ನೋಟನ್ನು ಒಳಗೆ ಹಾಕಿದ. ಹತ್ತು, ಎರಡು, ಹನ್ನೆರಡು. ನಾಲ್ಕು ನಾಲ್ಕು. "ಇಪ್ಪತ್ತನಾಲ್ಕು" ಅಂದ. ನಾನು "ಈಗ ನಾಣ್ಯದಿಂದ ಶುರು ಮಾಡಿ ನೋಡು" ಅಂದೆ. ಎರಡು ನಾಣ್ಯ ಮೂರು ಜನಕ್ಕೆ ಹಂಚೋಕೆ ಆಗಲಿಲ್ಲ. ಪಕ್ಕಕ್ಕಿಟ್ಟ. ನೋಟು ಹಂಚಿದ. ಉಳಿದದ್ದನ್ನು ಚಿಲ್ಲರೆ ಮಾಡಿಸಿದ. ಮತ್ತೆ ನಾಣ್ಯಕ್ಕೆ ವಾಪಸ್ ಬಂದ. "ಓಹೋ, ಎರಡು ಸಲ ಓಡಾಡಬೇಕು ಮಿಸ್. ದೊಡ್ಡದು ಮೊದಲು ಹಂಚಿದ್ರೆ ಒಂದೇ ಸಲ."

ಅವತ್ತು ಕಲಿತಿದ್ದು ಅವನಲ್ಲ, ನಾನು. ರೂಮಿಗೆ ಬಂದು ಅತ್ತುಬಿಟ್ಟೆ. ನಾನು ದಡ್ಡಿ ಅಂತ ಅಂದುಕೊಂಡೇ ಇಷ್ಟು ವರ್ಷ ಕಳೆದೆ. ಯಾರೂ ನನಗೆ ನೋಟು ಕೊಟ್ಟು ಹಂಚು ಅಂದಿರಲಿಲ್ಲ, ಅಷ್ಟೇ.

---

ಹಳೇ_ಟಿಸಿಎಚ್ · ಜುಲೈ 8

ಮಗಳೇ, ನಿನ್ನ ಬರಹ ನಮ್ಮ ಮನೆಯವಳಿಗೂ ಓದಿ ಹೇಳಿದೆ. ಅವಳೂ ಟೀಚರ್ ಆಗಿದ್ದವಳು. "ಈ ಹುಡುಗಿ ಒಳ್ಳೇ ಮೇಡಂ ಆಗ್ತಾಳೆ" ಅಂದಳು.

---

ಬೆಂಗಳೂರು_ಅಮ್ಮ · ಜುಲೈ 9

ನನ್ನ ಮಗ 4ನೇ ಕ್ಲಾಸು, ಖಾಸಗಿ ಶಾಲೆ. ಟ್ಯೂಷನ್‌ಗೂ ಹೋಗುತ್ತಾನೆ. ಮಗ್ಗಿ ಇಪ್ಪತ್ತರವರೆಗೂ ಬಾಯಿಪಾಠ. ಆದರೆ ಲೆಕ್ಕ ಅಂದರೆ ಹೊಟ್ಟೆನೋವು ಅಂತಾನೆ. ಇಂಥ ಕೂಟ ಬೆಂಗಳೂರಿನಲ್ಲಿದೆಯಾ? ದುಡ್ಡು ಎಷ್ಟಾದರೂ ಕೊಡುತ್ತೇವೆ.

---

ಲೆಕ್ಕದ_ಮೇಡಂ · ಜುಲೈ 9

ಅಕ್ಕಾ, ಇಲ್ಲಿ ದುಡ್ಡಿನ ಮಾತೇ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ನಮ್ಮವರು ಇನ್ನೂ ಶಿಕ್ಷಕರಲ್ಲ, ಆದರೂ ಆ ಅಭ್ಯಾಸ ಈಗಲೇ ಹತ್ತಬಾರದು. ಇವತ್ತು ಸಂಜೆ ಮಗನ ಜೊತೆ ತರಕಾರಿ ಅಂಗಡಿಗೆ ಹೋಗಿ. ಲೆಕ್ಕ ಅವನೇ ಮಾಡಲಿ, ನೀವು ತಿದ್ದಬೇಡಿ. "ಹೇಗೆ ಮಾಡಿದೆ" ಅಂತ ಮಾತ್ರ ಕೇಳಿ. ಒಂದು ತಿಂಗಳು ಮಾಡಿ ನೋಡಿ, ಇಲ್ಲೇ ಬರೆಯಿರಿ.

---

ಕಲ್ಬುರ್ಗಿ_ಬಿಎಡ್ · ಜುಲೈ 10

ನಮಸ್ಕಾರ ರೀ. ನಾನು ಬಿ.ಎಡ್ ಕಾಲೇಜಿನಲ್ಲಿ ಕೆಲಸ ಮಾಡುತ್ತೇನೆ. "ಅದು ದುಡ್ಡು, ಇದು ಲೆಕ್ಕ" ಅಂದಳಲ್ಲ ಆ ಹುಡುಗಿ, ಅದರ ಬಗ್ಗೆ ಹೇಳಲೇಬೇಕು.

ಬ್ರೆಜಿಲ್ ದೇಶದ ರೆಸಿಫೆ ಊರಿನಲ್ಲಿ ಮೂವರು ಸಂಶೋಧಕರು, ತೆರೆಜಿನ್ಹಾ ನೂನ್ಸ್, ಡೇವಿಡ್ ಕರಾಹರ್, ಅನಾಲೂಸಿಯಾ ಶ್ಲೀಮನ್, ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಹತ್ತಿರ ಹೋದರು. 9ರಿಂದ 15 ವರ್ಷದವರು. ಗಿರಾಕಿಗಳಂತೆ ಸಾಮಾನು ಕೇಳಿದರು. ಬಾಯಲ್ಲಿ ಮಾಡಿದ ಲೆಕ್ಕದಲ್ಲಿ ನೂರಕ್ಕೆ 98ರಷ್ಟು ಸರಿ. ಆಮೇಲೆ ಅಂಥದ್ದೇ ಲೆಕ್ಕವನ್ನು ಅದೇ ಮಕ್ಕಳಿಗೆ ಕಾಗದದ ಮೇಲೆ ಬರೀ ಅಂಕಿಯಲ್ಲಿ ಕೊಟ್ಟರು. ಸರಿ ಬಂದದ್ದು ನೂರಕ್ಕೆ 37ರಷ್ಟು. ಒಬ್ಬ ತೆಂಗಿನಕಾಯಿ ಮಾರುವ ಹುಡುಗ ಇದ್ದ. ಒಂದು ಕಾಯಿಗೆ 35, ಹತ್ತು ಕಾಯಿಗೆ ಎಷ್ಟು ಅಂದರೆ, ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಹೀಗೆ ಕೂಡಿಸುತ್ತ 350ಕ್ಕೆ ಬಂದ. ಮುಂದೆ ಸೊನ್ನೆ ಹಾಕು ಅನ್ನುವ ಶಾಲೆಯ ದಾರಿ ಅವನು ಹಿಡಿಯಲಿಲ್ಲ. ಇದು 1985ರಲ್ಲಿ ಪ್ರಕಟವಾಯಿತು.

2025ರಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಇದ್ದ ತಂಡ ಕೋಲ್ಕತ್ತ ಮತ್ತು ದೆಹಲಿಯಲ್ಲಿ ಇಂಥದ್ದೇ ಕೆಲಸವನ್ನು ದೊಡ್ಡದಾಗಿ ಮಾಡಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಬರೆಯಿತು. ಮಾರುಕಟ್ಟೆಯ ಮಕ್ಕಳಿಗೆ ಪುಸ್ತಕದ ಲೆಕ್ಕ ಕಷ್ಟ. ಬರೀ ಶಾಲೆಗೆ ಹೋಗುವ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಕಷ್ಟ. ಎರಡೂ ಕಡೆ ಸೇತುವೆ ಇಲ್ಲ.

ಈ ಎರಡನೇ ಭಾಗವನ್ನು ಬೆಂಗಳೂರು ಅಮ್ಮ ಅವರು ಗಮನಿಸಬೇಕು. ನಿಮ್ಮ ಮಗನೂ ಆ ಹೂವಿನ ಹುಡುಗಿಯೂ ಎದುರುಬದುರು ಕೂತು ಒಬ್ಬರಿಗೊಬ್ಬರು ಹೇಳಿಕೊಟ್ಟರೆ ಎಷ್ಟು ಚೆಂದ ಇರುತ್ತಿತ್ತು!

ನಮ್ಮ ಕಡೆ ಇನ್ನೊಂದು ಇದೆ ರೀ. ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳು ಜಾಸ್ತಿ. ಕನ್ನಡದಲ್ಲಿ ಇಪ್ಪತ್ತೊಂಬತ್ತು ಅಂದರೆ ಇಪ್ಪತ್ತು, ಒಂಬತ್ತು. ಉರ್ದುವಿನಲ್ಲಿ ಉನ್ತೀಸ್. ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ನಮ್ಮ ಒಬ್ಬ ವಿದ್ಯಾರ್ಥಿ, ಅವನ ಮನೆಮಾತೂ ಉರ್ದು, ಒಂದು ಮಗುವಿನ ಜೊತೆ ಕೂತಿದ್ದ. 29ಕ್ಕೆ 15 ಕೂಡು ಅಂದರೆ ಮಗು ಬೆರಳು ಎಣಿಸುತ್ತಿತ್ತು. "ಉನ್ತೀಸ್ ಅಂದ್ರೆ ಏನು?" ಅಂತ ಕೇಳಿದ. ಮಗು ಯೋಚಿಸಿ, "ತೀಸ್‌ಗೆ ಒಂದು ಕಮ್ಮಿ" ಅಂತು. ಹಾಗಾದರೆ 45, ಒಂದು ಕಮ್ಮಿ, 44! ಮನೆಮಾತಿನೊಳಗೇ ಲೆಕ್ಕ ಕೂತಿತ್ತು. 50 ಮಕ್ಕಳ ಕ್ಲಾಸಿನಲ್ಲಿ ಇದು ಯಾರಿಗೆ ಕೇಳಿಸುತ್ತದೆ?

---

ಕುಂಬಳೆಯವ · ಜುಲೈ 11

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಮೇಷ್ಟ್ರು ನಾನು. ನಮ್ಮ ಮಕ್ಕಳು ಮನೆಯಲ್ಲಿ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಎಣಿಸುತ್ತಾರೆ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಎಪ್ಪತ್ತು ಮತ್ತು ಎಂಬತ್ತು ಹೇಳುವಾಗ ಎಷ್ಟು ಮಕ್ಕಳು ತಡವರಿಸುತ್ತಾರೆ ಅಂತ ಲೆಕ್ಕ ಇಟ್ಟರೆ ಪುಸ್ತಕವೇ ಆದೀತು. ತೊಂಬತ್ತು ಮತ್ತು ಒಂಬತ್ತೂ ಹಾಗೇ.

ನನ್ನ ಸಲಹೆ ಒಂದೇ. ಕೂಟದಲ್ಲಿ ಪುಸ್ತಕ ತೆರೆಯಬೇಡಿ, ಚೆನ್ನೆಮಣೆ (ಅಳಗುಳಿ ಮಣೆ) ಇಡಿ. 14 ಗುಳಿ, ನಮ್ಮಲ್ಲಿ ಗುಳಿಗೆ ನಾಲ್ಕು ಬೀಜ. ಒಟ್ಟು ಎಷ್ಟು ಅಂತ ಮಗುವೇ ಕಂಡುಹಿಡಿಯಲಿ, 56. ಈ ಗುಳಿಯಿಂದ ಎತ್ತಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಮೊದಲೇ ನೋಡುವ ಮಗು, ಕೈಯಿಟ್ಟು ನೋಡದೆಯೇ ಕೂಡಿಸಿರುತ್ತದೆ. ಎದುರಿಗೆ ಕೂತ ಪ್ರಶಿಕ್ಷಣಾರ್ಥಿಗೂ ಆಟ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಮಗುವೇ ಮೇಷ್ಟ್ರು. ನನ್ನ ಶಾಲೆಗೆ ಇಂಟರ್ನ್‌ಶಿಪ್‌ಗೆ ಬಂದ ಹುಡುಗಿಯೊಬ್ಬಳು ಮೂರನೇ ತರಗತಿಯವಳ ಹತ್ತಿರ ನಾಲ್ಕು ದಿನ ಸತತ ಸೋತಳು. ಆ ಮಗು ಅದಕ್ಕೂ ಮೊದಲು ನನ್ನ ತರಗತಿಯಲ್ಲಿ ಬಾಯಿ ಬಿಟ್ಟದ್ದೇ ಇಲ್ಲ.

ಮೈಸೂರು ಕಡೆಯವರಾದರೆ ಚೌಕಾಬಾರ. ನಾಲ್ಕು ಕವಡೆ ಸಾಕು.

---

ಹಳೇ_ಟಿಸಿಎಚ್ · ಜುಲೈ 11

ಚೌಕಾಬಾರ ಅಂದ ಕೂಡಲೇ ನನ್ನದೂ ಒಂದು. ಕಳೆಯುವ ಲೆಕ್ಕವನ್ನು ಮಕ್ಕಳು ತಾವಾಗಿಯೇ ಮಾಡಬೇಕು ಅಂದರೆ ಕಾಪ್ರೇಕರ್ ಅವರ ಆಟ ಕೊಡಿ. ಡಿ.ಆರ್. ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು. ನಮ್ಮಂಥವರೇ. ನಾಲ್ಕಂಕಿಯಲ್ಲಿ ಈ ಆಟ ಆಡಿದರೆ ಕೊನೆಗೆ ಬರುವ 6174 ಅನ್ನುವ ಸಂಖ್ಯೆಯ ಗುಟ್ಟು ಹಿಡಿದವರು ಅವರು. ಚಿಕ್ಕ ಮಕ್ಕಳಿಗೆ ಮೂರಂಕಿ ಸಾಕು. ಮೂರೂ ಒಂದೇ ಅಂಕಿ ಆಗಬಾರದು, ನಡುವೆ 99 ಬಂದರೆ 099 ಅಂತ ಬರೆಯಬೇಕು, ಅಷ್ಟೇ ಷರತ್ತು. 321 ತಗೊಳ್ಳಿ. ದೊಡ್ಡದರಿಂದ ಚಿಕ್ಕದಕ್ಕೆ ಬರೆದದ್ದರಲ್ಲಿ ತಿರುಗಿಸಿ ಬರೆದದ್ದನ್ನು ಕಳೆಯಿರಿ. 321ರಲ್ಲಿ 123 ಹೋದರೆ 198. ಅದರ ಅಂಕಿ ಜೋಡಿಸಿ 981ರಲ್ಲಿ 189, ಅಂದರೆ 792. ಆಮೇಲೆ 693, 594, 495. ಅಲ್ಲಿಗೆ ನಿಂತಿತು. ಮತ್ತೆ ಮಾಡಿದರೂ 495. ಪಕ್ಕದವನು ಬೇರೆ ಸಂಖ್ಯೆ ಹಿಡಿದರೂ ಕೊನೆಗೆ 495.

ಪ್ರತಿ ಸಲವೂ ದಶಕ ತೆಗೆದುಕೊಳ್ಳಲೇಬೇಕು. ಐದು ಲೆಕ್ಕ ಮಾಡಿ ಅಂದರೆ ಅಳುವ ಮಗು, ಇದನ್ನು ಹದಿನೈದು ಸಲ ಮಾಡುತ್ತದೆ. 495 ಬರದಿದ್ದರೆ ತಪ್ಪು ಎಲ್ಲಾಗಿದೆ ಅಂತ ತಾನೇ ಹುಡುಕುತ್ತದೆ. ನೀವು ಕೆಂಪು ಪೆನ್ನು ಹಿಡಿಯಬೇಕಿಲ್ಲ.

---

ಸ್ಯಾನ್‌ಡಿಯಾಗೋ_ಕನ್ನಡಿಗ · ಜುಲೈ 13

ನಾನು ಶಿಕ್ಷಕನಲ್ಲ. ಆದರೆ ನಾನಿರುವ ಊರಿನಲ್ಲಿ ಇಂಥದ್ದೊಂದು ನಡೆದಿತ್ತು, ಹೇಳಬೇಕು ಅನ್ನಿಸಿತು. ಇಲ್ಲಿನ ವಿಶ್ವವಿದ್ಯಾಲಯದ ಮೈಕೆಲ್ ಕೋಲ್ ಅನ್ನುವ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಫಿಫ್ತ್ ಡೈಮೆನ್ಷನ್ ಅಂತ ಶುರು ಮಾಡಿದರು. ಶಾಲೆ ಬಿಟ್ಟ ಮೇಲೆ ಮಕ್ಕಳು, ಪದವಿ ಓದುವ ವಿದ್ಯಾರ್ಥಿಗಳು ಜೊತೆಗೆ ಕೂತು ಆಟ, ಲೆಕ್ಕ, ಓದು. ವಿದ್ಯಾರ್ಥಿಗಳಿಗೆ ಅದು ಕೋರ್ಸಿನ ಭಾಗ, ಅಂಕ ಇತ್ತು. ಲೆಕ್ಕದ ಮೇಡಂ ಹೇಳಿದ ಹಾಗೇ, ಪ್ರತಿ ಸಲ ಹೋಗಿ ಬಂದ ಮೇಲೆ ಏನಾಯಿತು ಅಂತ ವಿವರವಾಗಿ ಬರೆಯಬೇಕಿತ್ತು. ಓಲ್ಗಾ ವಾಸ್ಕೆಸ್ ಅವರು ಇದನ್ನೇ ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗಾಗಿ ಎರಡು ಭಾಷೆಯಲ್ಲಿ ಕಟ್ಟಿದರು. ಅದರ ಹೆಸರು ಲಾ ಕ್ಲಾಸೆ ಮಾಹಿಕಾ.

ನನಗೆ ತುಂಬಾ ಇಷ್ಟವಾದದ್ದು ಒಂದು. ಅಲ್ಲಿ ಒಬ್ಬ ಮಾಂತ್ರಿಕ ಇರುತ್ತಾನೆ, ಯಾರಿಗೂ ಕಾಣುವುದಿಲ್ಲ. ಮಕ್ಕಳು ಅವನಿಗೆ ಪತ್ರ ಬರೆಯುತ್ತಾರೆ, ಅವನು ಉತ್ತರ ಬರೆಯುತ್ತಾನೆ. ಹೇಗೆ ಮಾಡಿದೆ ಅಂತ ದೊಡ್ಡವರಿಗೆ ಹೇಳೋಕೆ ಅಂಜುವ ಮಗು ಮಾಂತ್ರಿಕನಿಗೆ ಬರೆಯುತ್ತದೆ.

ದುಡ್ಡು ನಿಂತ ಕಡೆ ಕೆಲವು ಕೂಟಗಳು ಮುಚ್ಚಿಹೋದವು. ಕಾಲೇಜಿನ ಕೋರ್ಸಿನಲ್ಲೇ ಸೇರಿಕೊಂಡಿದ್ದರೆ ಬಾಳಿಕೆ ಜಾಸ್ತಿ ಅಂತ ನನಗನ್ನಿಸುತ್ತದೆ.

---

ಕಲ್ಬುರ್ಗಿ_ಬಿಎಡ್ · ಜುಲೈ 13

ಕೊನೆಯ ಮಾತು ಬಹಳ ಮುಖ್ಯ ರೀ. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) 2014ರ ನಿಯಮಾವಳಿ ಬಂದ ಮೇಲೆ ಬಿ.ಎಡ್ ಎರಡು ವರ್ಷ ಆಯಿತು, ಶಾಲೆಯಲ್ಲಿ ಕಳೆಯಬೇಕಾದದ್ದು 20 ವಾರ. ಸಮಯ ಇದೆ. ಆದರೆ ಅಂಕ ಬರುವುದು ಪಾಠ ಯೋಜನೆಯ ಫೈಲಿಗೆ, ಚಾರ್ಟಿಗೆ. ಒಂದು ಮಗುವಿನ ಮಾತು ಬರೆದಿಟ್ಟ 30 ಪುಟಕ್ಕೆ ಅಂಕ ಇಲ್ಲ. ನಾವು ಆಂತರಿಕ ಮೌಲ್ಯಮಾಪನದಲ್ಲಿ ಅದಕ್ಕೂ ಅಂಕ ಕೊಡಲು ಶುರು ಮಾಡಿದೆವು. ಮಾರನೇ ವಾರದಿಂದಲೇ ಪುಟಗಳು ಚೆನ್ನಾಗಿ ಬರತೊಡಗಿದವು.

---

ಇಬ್ಬರೇ_ಶಿಕ್ಷಕರು · ಜುಲೈ 15

ನಾಲ್ಕು ದಿನದಿಂದ ಇದನ್ನೆಲ್ಲ ಓದುತ್ತಿದ್ದೇನೆ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ಹಳ್ಳಿಗಳ 5ನೇ ತರಗತಿ ಮಕ್ಕಳಲ್ಲಿ ಭಾಗಾಕಾರ ಮಾಡಬಲ್ಲವರು ದೇಶದಲ್ಲಿ ನೂರಕ್ಕೆ 30.7. ಇಂಥ ವರದಿ ಬಂದಾಗಲೆಲ್ಲ ನಮ್ಮನ್ನೇ ಬೈಯುತ್ತಾರೆ. ಆದರೆ ನನ್ನ ಯಾವ ಮಗು ಯಾವ ಹಂತದಲ್ಲಿ ಸಿಕ್ಕಿಕೊಂಡಿದೆ ಅಂತ ಯಾರೂ ನನಗೆ ಹೇಳಿಲ್ಲ.

ಲೆಕ್ಕದ ಮೇಡಂ, ಒಂದು ಕೇಳುತ್ತೇನೆ. ನಮ್ಮ ಶಾಲೆಗೆ ಕೂಟ ಬೇಡ, ಬಸ್ಸೂ ಇಲ್ಲ. ಆದರೆ ನಿಮ್ಮವರು ಬರೆಯುವ ಆ ರಾತ್ರಿಯ ಪುಟ, ಅದು ಆ ಶಾಲೆಯ ಶಿಕ್ಷಕಿಗೆ ಸಿಗುತ್ತದಾ? ಸಿಗುವುದಿಲ್ಲ ಅಂದರೆ ನೀವೂ ನಮ್ಮಲ್ಲಿಗೆ ಬಂದು ಹೋದವರ ಹಾಗೇ. ಸಿಗುತ್ತದೆ ಅಂದರೆ, ಅದು ನನಗೆ ಯಾವ ತರಬೇತಿಗಿಂತಲೂ ದೊಡ್ಡದು.

---

ಲೆಕ್ಕದ_ಮೇಡಂ · ಜುಲೈ 15

ಮೇಡಂ, ಕಳೆದ ವರ್ಷ ಸಿಗುತ್ತಿರಲಿಲ್ಲ. ನಾನು ಓದಿ ಫೈಲಿಗೆ ಹಾಕುತ್ತಿದ್ದೆ. ತಪ್ಪು ನನ್ನದೇ. ಇವತ್ತು ಆ ಶಾಲೆಯ ಟೀಚರ್ ಹತ್ತಿರ ಮಾತಾಡಿದೆ. ಇನ್ನು ಮುಂದೆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅರ್ಧ ಗಂಟೆ, ಅವರೂ ನಾವೂ ಕೂತು ಆ ವಾರದ ಪುಟ ಓದುತ್ತೇವೆ.

---

ಎರಡನೇ_ವರ್ಷ · ಜುಲೈ 16

ಮಾಂತ್ರಿಕನ ಬದಲು ನಮಗೆ ಒಬ್ಬ ಅಜ್ಜಿ ಬೇಕು. ಲೆಕ್ಕದಜ್ಜಿ. ಮಕ್ಕಳು ಅಜ್ಜಿಗೆ ಏನು ಬೇಕಾದರೂ ಹೇಳುತ್ತಾರೆ.

---

ಲೆಕ್ಕದ_ಮೇಡಂ · ನವೆಂಬರ್ 9

ದಸರಾ ರಜೆ ಮುಗಿಸಿ ಮತ್ತೆ ಬಂದೆ. ಎರಡನೇ ವರ್ಷದ ತಂಗಿ ಹೇಳಿದ ಹಾಗೇ ಮಾಡಿದೆವು. ಹಳೇ ಬಿಸ್ಕತ್ತಿನ ಡಬ್ಬಿಗೆ ಬಣ್ಣದ ಕಾಗದ ಅಂಟಿಸಿ, ಜಗುಲಿಯ ಕಂಬಕ್ಕೆ ಕಟ್ಟಿದೆವು. "ಲೆಕ್ಕದಜ್ಜಿಯ ಅಂಚೆಪೆಟ್ಟಿಗೆ". ಮೊದಲ ವಾರ ಖಾಲಿ. ಎರಡನೇ ವಾರ ಬರೀ ಚಿತ್ರ, ಹೂವು, ಒಂದು ಆಟೋ. ಮೊನ್ನೆ ಶುಕ್ರವಾರ ಈ ಕಾಗದ ಇತ್ತು. ಯಾರು ಬರೆದದ್ದು ಅಂತ ನಿಮಗೆ ಗೊತ್ತಾಗುತ್ತದೆ. ಹೂವಿನ ಹುಡುಗಿ, ಈಗ 5ನೇ ತರಗತಿ. ಇದ್ದ ಹಾಗೇ ಬರೆಯುತ್ತಿದ್ದೇನೆ.

"ಲೆಕ್ಕದಜ್ಜಿಗೆ ನಮಸ್ಕಾರ. ನಾನು ಚೆನ್ನಾಗಿದೀನಿ. ನೀವು ಚೆನ್ನಾಗಿದೀರಾ. 103 ರಲ್ಲಿ 47 ಕಳಿಬೇಕು. ಮೂರರಲ್ಲಿ ಏಳು ಹೋಗಲ್ಲ. ಪಕ್ಕದ ಮನೆಗೆ ಕಡ ಕೇಳಕ್ಕೆ ಹೋದರೆ ಅಲ್ಲಿ ಸೊನ್ನೆ ಇದೆ. ಸೊನ್ನೆ ಹತ್ರ ಏನೂ ಇಲ್ಲ. ಅದು ಹೆಂಗೆ ಕಡ ಕೊಡ್ತದೆ. ನನಗೆ ದುಡ್ಡಲ್ಲಿ ಗೊತ್ತು 56. ಆದರೆ ಸೊನ್ನೆ ಮನೆ ಕತೆ ಗೊತ್ತಿಲ್ಲ. ನೀವೇ ಹೇಳಿ."

ಉತ್ತರ 56 ಅಂತ ಅವಳಿಗೆ ಗೊತ್ತು. ಈಗ ಅವಳು ಕೇಳುತ್ತಿರುವುದು ಕಥೆ. ಅಜ್ಜಿ ಏನು ಬರೆಯಬೇಕು? ಹೇಳಿ.

---

ಹಳೇ_ಟಿಸಿಎಚ್ · ನವೆಂಬರ್ 9

ಓದಿ ಕಣ್ಣು ತುಂಬಿ ಬಂತು ಮೇಡಂ. ಅಜ್ಜಿ ಹೀಗೆ ಬರೆಯಲಿ: "ಸೊನ್ನೆ ಮನೆಯವರು ಆಚೆಮನೆಗೆ ಓಡಿದರು. ಅಲ್ಲಿ ನೂರರ ನೋಟು ಒಂದಿತ್ತು. ಅದನ್ನು ತಂದು ಚಿಲ್ಲರೆ ಮಾಡಿಸಿದರು, ಹತ್ತರ ಹತ್ತು ನೋಟು. ಒಂದನ್ನು ನಿನಗೆ ಕೊಟ್ಟರು. ಅವರ ಹತ್ತಿರ ಎಷ್ಟು ಉಳಿಯಿತು?" ಮುಂದಿನದು ಅವಳೇ ಹೇಳಲಿ.

---

ಎರಡನೇ_ವರ್ಷ · ನವೆಂಬರ್ 9

ಮೇಷ್ಟ್ರೇ, ಅಷ್ಟೂ ಹೇಳೋದು ಬೇಡ ಅನ್ನಿಸುತ್ತದೆ. ಅವಳನ್ನೇ ಕೇಳೋಣ. "ಮಗಾ, ನಿಮ್ಮಮ್ಮನ ಹತ್ರ ನೂರರ ನೋಟು ಒಂದೇ ಇದೆ, ಮೂರು ರೂಪಾಯಿ ಚಿಲ್ಲರೆ ಇದೆ. 47 ಕೊಡಬೇಕು. ನಿಮ್ಮಮ್ಮ ಏನು ಮಾಡ್ತಾರೆ? ಅದನ್ನ ಅಜ್ಜಿಗೆ ಬರಿ." ದುಡ್ಡು ಮತ್ತು ಲೆಕ್ಕ ಎರಡನ್ನೂ ಅವಳೇ ಒಂದು ಮಾಡಿಕೊಳ್ಳಲಿ.

---

ಹಳೇ_ಟಿಸಿಎಚ್ · ನವೆಂಬರ್ 9

ನಿನ್ನದೇ ಸರಿ ಮಗಳೇ. ನನ್ನದು ಬಿಡಿ.

---

ಇಬ್ಬರೇ_ಶಿಕ್ಷಕರು · ನವೆಂಬರ್ 10

ನಮ್ಮ 4ನೇ ತರಗತಿಯಲ್ಲಿ ನಾಳೆ ಇದೇ ಪಾಠ, ಮಧ್ಯದಲ್ಲಿ ಸೊನ್ನೆ ಇರುವ ಕಳೆಯುವ ಲೆಕ್ಕ. ಈ ಕಾಗದವನ್ನು ನನ್ನ ಮಕ್ಕಳಿಗೆ ಓದಿ ಹೇಳಲಾ?

---

ಲೆಕ್ಕದ_ಮೇಡಂ · ನವೆಂಬರ್ 10

ಓದಿ ಮೇಡಂ. ಊರು, ಶಾಲೆ ಹೇಳಬೇಡಿ, ಅಷ್ಟೇ. ನಿಮ್ಮ ಮಕ್ಕಳು ಅಜ್ಜಿಯ ಪರವಾಗಿ ಏನಾದರೂ ಬರೆದರೆ ಫೋಟೋ ತೆಗೆದು ನನಗೆ ಕಳಿಸಿ. ನಾಳೆ ಮಂಗಳವಾರ, ನಾಲ್ಕು ಗಂಟೆಯೊಳಗೆ ಬಂದರೆ ಪ್ರಿಂಟ್ ಹಾಕಿಸಿ ಡಬ್ಬಿಯಲ್ಲಿ ಇಡುತ್ತೇನೆ.